ಒಟ್ಟಿಗೆ ಎರಡು ಹಸಿರು ಬಂದರೆ?

ನಾಲ್ಕು ರಸ್ತೆ ಕೂಡುವಲ್ಲಿ ಅಡ್ಡಡ್ಡ ಬರುವ ಇಬ್ಬರಿಗೂ ಒಮ್ಮೆಲೇ ಹಸಿರು ದೀಪ ಬಂದರೆ ಗತಿಯೇನು? ದೀಪವೇ ಆರಿಹೋದರೆ ಜನ ಅತ್ತಿತ್ತ ನೋಡಿ ನಿಧಾನಿಸುತ್ತಾರೆ. ಹಸಿರು ಕಂಡವರು ಮಾತ್ರ ನಂಬಿ ನುಗ್ಗುತ್ತಾರೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಅಜ್ಜ ಅಜ್ಜಿಯರು ಅಲ್ಲಿನ ಜಂಕ್ಷನ್ನುಗಳ ಮೂಲೆಯಲ್ಲಿ ಬೀರುವಿನಂಥ ಲೋಹದ ಪೆಟ್ಟಿಗೆ ನೋಡಿರಬಹುದು. ದೀಪ ಬದಲಿಸುವ ಯಂತ್ರ ಅದರೊಳಗಿದೆ. ಪಕ್ಕದಲ್ಲೇ ಕಾನ್‌ಫ್ಲಿಕ್ಟ್ ಮಾನಿಟರ್ ಎಂಬ ಇನ್ನೊಂದು. ದೀಪಗಳಿಗೆ ಹೋಗುವ ಕರೆಂಟನ್ನು ಗಮನಿಸುತ್ತಾ ಕೂರುವುದೇ ಇದರ ಕೆಲಸ. ಬ್ಯಾಂಕಿನಲ್ಲಿ ವೋಚರ್ ಬರೆದವನೇ ಅದನ್ನು ಪಾಸ್ ಮಾಡುವಂತಿರಲಿಲ್ಲ, ಇದೂ ಹಾಗೆಯೇ.

ಯಾವ ಎರಡು ಹಸಿರು ಒಟ್ಟಿಗೆ ಇರಬಹುದೆಂದು ಅದಕ್ಕೆ ಹೇಗೆ ಗೊತ್ತು? ಅದಕ್ಕೊಂದು ಪುಟ್ಟ ಕಾರ್ಡ್ ಇದೆ. 12 ಗುಂಪು ದೀಪಗಳಿದ್ದರೆ ಎರಡೆರಡರ ಜೋಡಿ 66 ಆಗುತ್ತವೆ. ಮಕ್ಕಳೇ, 12ನ್ನು 11ರಿಂದ ಗುಣಿಸಿ ಅರ್ಧ ಮಾಡಿ ನೋಡಿ. ಹಳೆಯ ಮಾದರಿಯ ಕಾರ್ಡಿನಲ್ಲಿ ಪ್ರತಿ ಜೋಡಿಗೂ ಒಂದು ಜಾಗ. ಎದುರುಬದುರು ನೇರ ಹೋಗುವವರಂತೆ, ಒಟ್ಟಿಗೆ ಬಿಡಬಹುದಾದ ಜೋಡಿಗೆ ಮಾತ್ರ ಒಂದು ತುಂಡು ತಂತಿಯ ಬೆಸುಗೆ. ತಂತಿ ಇದ್ದರೆ 'ಆಗಬಹುದು', ಇಲ್ಲದಿದ್ದರೆ 'ಕೂಡದು'. ಹಾಗಾಗಿ ಬೆಸುಗೆ ಬಿಟ್ಟುಹೋದರೂ ಉತ್ತರ 'ಕೂಡದು' ಎಂದೇ. ಉಲ್ಟಾ ಮಾಡಿ, ಕೂಡದ ಜೋಡಿಗೆ ತಂತಿ ಹಾಕಿದ್ದರೆ? ಆ ತಂತಿ ತುಂಡಾದ ದಿನ ಅಪಘಾತಕ್ಕೆ ಒಪ್ಪಿಗೆ ಕೊಟ್ಟಂತಾಗುತ್ತಿತ್ತು. ನನಗಂತೂ ಇಡೀ ಪೆಟ್ಟಿಗೆಯಲ್ಲಿ ಬಹಳ ಹಿಡಿಸಿದ್ದು ಈ ತುಂಡು ತಂತಿಯೇ.

ಇನ್ನು ರಿಲೇ. ತಂತಿಯ ಸುರುಳಿಯಲ್ಲಿ ಕರೆಂಟ್ ಹರಿದರೆ ಅದು ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಸೆಳೆದು ಹಿಡಿಯುತ್ತದೆ. ಕರೆಂಟ್ ನಿಂತರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎಲ್ಲ ಸರಿಯಿರುವ ತನಕ ಮಾನಿಟರ್ ತನ್ನ ರಿಲೇಯನ್ನು ಹಿಡಿದೇ ಇರುತ್ತದೆ. ತಪ್ಪು ಕಂಡರೆ ಬಿಡುತ್ತದೆ. ಮಾನಿಟರಿಗೇ ಕರೆಂಟ್ ತಪ್ಪಿದರೂ ಹಿಡಿತ ಸಡಿಲುತ್ತದೆ! ರಿಲೇ ಬಿಟ್ಟಿತೆಂದರೆ ಹಸಿರಿಗೆ ಅವಕಾಶವಿಲ್ಲ. ಎಲ್ಲ ಕಡೆ ಕೆಂಪು, ಇಲ್ಲವೇ ಮುಖ್ಯರಸ್ತೆಗೆ ಹಳದಿ, ಅಡ್ಡರಸ್ತೆಗೆ ಕೆಂಪು ಮಿಣುಕತೊಡಗುತ್ತದೆ. ಎರಡು ಹಸಿರು ಕಂಡು ನಿಲ್ಲಿಸಿದ್ದಾದರೆ, ಮೆಕ್ಯಾನಿಕ್ ಬಂದು ನೋಡಿ ಗುಂಡಿ ಒತ್ತುವ ತನಕ ಹಾಗೆಯೇ.

ಈ ಬುದ್ಧಿ ರೈಲಿನವರಿಗೆ ಮೊದಲೇ ಇತ್ತು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಹಳಿಗಳಲ್ಲೇ ಕರೆಂಟ್ ಹರಿಸಿ ರಿಲೇ ಹಿಡಿದಿಡುವ ಪದ್ಧತಿಗೆ ಪೇಟೆಂಟ್ ಪಡೆದರು. ರೈಲು ಬಂದರೆ ಕರೆಂಟ್ ಚಕ್ರಗಳ ಮೂಲಕವೇ ಹಾಯ್ದು ರಿಲೇಗೆ ತಲುಪದು. ಸಿಗ್ನಲ್ 'ಅಪಾಯ' ತೋರುತ್ತದೆ. ಬ್ಯಾಟರಿ ಸತ್ತರೂ ಅಪಾಯವೇ.

ತಂತಿಯನ್ನೇ ನಂಬುವ ಇನ್ನೊಂದು ಉಪಾಯ 1992ರ ಅಮೆರಿಕದ ಮಾನಕದಲ್ಲಿದೆ. ಅಂಥ ಪೆಟ್ಟಿಗೆಯಲ್ಲಿ ಹಲವು ಕಾರ್ಡುಗಳು ಒಂದೇ ತಂತಿಸಾಲಿನಲ್ಲಿ ಮಾತಾಡುತ್ತವೆ. ಯಾರನ್ನು ಕರೆದದ್ದೆಂದು ತಿಳಿಯಲು ಪ್ರತಿಯೊಂದಕ್ಕೂ ನಂಬರ್ ಬೇಕು. ಆ ನಂಬರ್ ಇರುವುದು ಕಾರ್ಡಿನಲ್ಲಲ್ಲ, ಅದು ಕೂರುವ ಜಾಗದ ಹಿಂಬದಿಯಲ್ಲಿ. ಅಲ್ಲಿ ನಾಲ್ಕು ಪಿನ್ನುಗಳು. ಯಾವುದಕ್ಕೆ ತಂತಿ ಇದೆ, ಯಾವುದಕ್ಕಿಲ್ಲ ಎಂಬುದರಲ್ಲೇ 16 ನಂಬರ್ ಹುಟ್ಟುತ್ತವೆ. ಮೂರನೇ ಕೌಂಟರಿನಲ್ಲಿ ಯಾವ ಗುಮಾಸ್ತ ಕೂತರೂ ಅವನು ಮೂರನೇ ಕೌಂಟರಿನವನೇ ಅಲ್ಲವೇ? ಮಧ್ಯರಾತ್ರಿ ಮಳೆಯಲ್ಲಿ ಬಂದ ಮೆಕ್ಯಾನಿಕ್ ನಂಬರ್ ನೆನಪಿಡಬೇಕಾಗಿಲ್ಲ. ಕೆಟ್ಟ ಕಾರ್ಡ್ ಎಳೆದು, ಹೊಸದನ್ನು ಅದೇ ಜಾಗಕ್ಕೆ ತೂರಿಸಿದರೆ ಮುಗಿಯಿತು.