ಬಯಲಾಟದ ಭಾಗವತ

ಭೀಮೆಯ ದಡದ ಇಂಡಿ, ಸಿಂದಗಿಗಳಿಂದ ಕೃಷ್ಣೆಯ ದಡದ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳವರೆಗೆ ಹಬ್ಬಿರುವ ಎರೆಸೀಮೆಯಲ್ಲಿ, ಹಿಂಗಾರಿ ಜೋಳದ ರಾಶಿ ಮುಗಿದು ಜಾತ್ರೆಗಳ ಕಾಲ ಸಮೀಪಿಸಿತೆಂದರೆ, ಊರ ಗುಡಿಯ ಮುಂದೆ ಅಟ್ಟ ಕಟ್ಟಿ ಇರುಳೆಲ್ಲ ಆಟವಾಡುವುದು ಬಹುಕಾಲದಿಂದ ಬಂದ ಸಂಪ್ರದಾಯ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಎಂಬ ನಾಮಭೇದಗಳೇನೇ ಇರಲಿ, ಹಾಡಿನಿಂದಲೇ ಕಥೆ ನಡೆಯುವ ಈ ಗೇಯರೂಪಕಗಳನ್ನು ಮುನ್ನಡೆಸುವ ಭಾರವೆಲ್ಲ ಭಾಗವತನ ಮೇಲಿದೆ.

ಪಾಶ್ಚಾತ್ಯರ ಗೀತನಾಟಕದಲ್ಲಿ ವಾದ್ಯವೃಂದದ ನಾಯಕನು ಪ್ರೇಕ್ಷಕರಿಗೆ ಬೆನ್ನುಮಾಡಿ, ತಾನು ಮೌನದಿಂದಿದ್ದು, ಕೈಕೋಲಿನಿಂದ ಲಯವನ್ನು ಸೂಚಿಸುತ್ತಾನೆ. ನಮ್ಮ ಭಾಗವತನಾದರೋ ಜನಕ್ಕೆ ಅಭಿಮುಖನಾಗಿ ನಿಂತು, ತಾನೇ ಹಾಡಿ, ತಾನೇ ತಾಳಹಿಡಿದು, ಹಿಮ್ಮೇಳವನ್ನೂ ಪಾತ್ರಧಾರಿಗಳನ್ನೂ ಏಕಕಾಲದಲ್ಲಿ ನಡೆಸಬೇಕು.

ಅಪರಾಳ ತಮ್ಮಣ್ಣನು ರಚಿಸಿ, ಕುಲಗೋಡ ತಮ್ಮಣ್ಣನು ರಂಗಕ್ಕೆ ಅಳವಡಿಸಿ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ನಾಡಿನಲ್ಲೆಲ್ಲ ಪ್ರಸಿದ್ಧಿಗೆ ತಂದ ಪಾರಿಜಾತದಲ್ಲಿ ಈ ನಾಯಕತ್ವದ ಸೊಗಸು ಸ್ಫುಟವಾಗಿ ಕಾಣುತ್ತದೆ. ನಾರದನು ತಂದ ಹೂವು ರುಕ್ಮಿಣಿಯ ಪಾಲಾಯಿತೆಂದು ಮುನಿದ ಸತ್ಯಭಾಮೆಯು ತನ್ನ ವಿರಹವನ್ನು ಪದವಾಗಿ ಎತ್ತಿಕೊಂಡಾಗ, ಭಾಗವತನು ಹಾರ್ಮೋನಿಯಂ ತಬಲಾಗಳನ್ನು ಆಕೆಯ ಕಂಠಕ್ಕೆ ಹೊಂದಿಸಿ, ಪಲ್ಲವಿಯನ್ನು ಹಿಮ್ಮೇಳದ ಬಾಯಿಗಿತ್ತು, ಪದ ಮುಗಿದೊಡನೆಯೇ ಸಖಿಯಂತೆ ಮಾತಿಗೆ ತೊಡಗುತ್ತಾನೆ. "ಹಂಗಂದ್ರ ಏನವ್ವಾ?" ಎಂದು ಅವನು ಕೇಳಿದಾಗ, ಗ್ರಾಂಥಿಕವಾದ ಪದದ ಅರ್ಥವು ಆಡುಮಾತಿನಲ್ಲಿ ಬಿಡಿಸಿಕೊಳ್ಳುತ್ತದೆ, ದಣಿದ ಗಾಯಕಿಗೆ ಉಸಿರು ದೊರೆಯುತ್ತದೆ, ನಡುರಾತ್ರಿಯ ತೂಕಡಿಕೆಯಲ್ಲಿದ್ದ ಸಭೆಯು ನಕ್ಕು ಎಚ್ಚರಗೊಳ್ಳುತ್ತದೆ. ಪಾತ್ರಧಾರಿಯು ಮಾತು ಮರೆತರೆ, ಆ ಮಾತಿನ ತುದಿಯನ್ನು ಪ್ರಶ್ನೆಯೊಳಗೇ ಅಡಗಿಸಿ ಕೊಡುವ ಜಾಣ್ಮೆಯೂ ಅವನದೇ.

ಇಂಥ ವಿದ್ಯೆಗೆ ಶಾಲೆಯೆಂಬುದು ತಾಲೀಮು ಒಂದೇ. ಬಾಲ್ಯದಲ್ಲಿ ಹಿಮ್ಮೇಳದ ಅಂಚಿಗೆ ನಿಂತು ಪಲ್ಲವಿಗೆ ದನಿಗೂಡಿಸಿದ ಹುಡುಗನು, ಮೆಲ್ಲಮೆಲ್ಲನೆ ತಾಳ ಹಿಡಿದು, ಪೆಟ್ಟಿಗೆಯ ಮೇಲೆ ಬೆರಳಾಡಿಸಿ, ಪ್ರತಿಯನ್ನೆಲ್ಲ ಕಂಠಸ್ಥ ಮಾಡಿಕೊಂಡು, ಕಡೆಗೆ ಊರೂರವರು ಕರೆಸಿಕೊಳ್ಳುವ ಆಟದ ಮಾಸ್ತರನಾಗುತ್ತಾನೆ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ಒಕ್ಕಲಿಗನಿಗೆ, ಅಕ್ಷರ ಬಾರದವನಿಗೂ, ಪದಗಳನ್ನು ಬಾಯಿಂದ ಬಾಯಿಗೆ ಹೇಳಿಕೊಟ್ಟು, ಅವನಲ್ಲಿ ಭೀಮನನ್ನೋ ಕರ್ಣನನ್ನೋ ಎಬ್ಬಿಸುವುದು ಮಾಸ್ತರನ ನಿತ್ಯದ ಕಾಯಕ. ಊರವರು ಕೊಡುವ ಸಂಭಾವನೆ, ಮೆಚ್ಚಿದವರು ಆಟದ ನಡುವೆ ಮಾಡುವ ಆಯೇರಿ, ಇವೇ ಅವನ ಗಳಿಕೆ.

ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹಳ್ಳಿಯ ತಾಯಂದಿರ ಕಂಠದಲ್ಲಿದ್ದ ತ್ರಿಪದಿಗಳನ್ನು ಸಂಗ್ರಹಿಸಿ, 1931ರಲ್ಲಿ 'ಗರತಿಯ ಹಾಡು' ಎಂಬ ಗ್ರಂಥವಾಗಿ ಪ್ರಕಟಿಸಿದ್ದು ಕನ್ನಡಿಗರೆಲ್ಲ ಕೃತಜ್ಞತೆಯಿಂದ ನೆನೆಯುವ ಕಾರ್ಯ. ಆಟದ ಪದಗಳನ್ನೂ ಹಾಗೆಯೇ ಬರೆದಿಡಬಹುದು, ಧ್ವನಿಮುದ್ರಿಸಲೂಬಹುದು. ಆದರೆ ಯಾವ ಕ್ಷಣದಲ್ಲಿ ಲಯವನ್ನು ಏರಿಸಬೇಕು, ಯಾವ ಗಾಯಕನಿಗೆ ಶ್ರುತಿಯನ್ನು ಇಳಿಸಿಕೊಡಬೇಕು, ಎಲ್ಲಿ ನಗಿಸಿ ಎಲ್ಲಿ ಮೌನವಾಗಬೇಕು ಎಂಬ ವಿವೇಕವು ಭಾಗವತನ ಮಗ್ಗುಲಲ್ಲಿ ನಿಂತು ಹಾಡಿದವನಿಗಲ್ಲದೆ ಅನ್ಯರಿಗೆ ದಕ್ಕದು. ಬಾಗಲಕೋಟೆಯಲ್ಲಿ ಬಯಲಾಟಕ್ಕೆಂದೇ ಅಕಾಡೆಮಿಯೊಂದು ಇರುವುದು ಸಂತೋಷದ ವಿಷಯ. ಅದರ ಸನ್ಮಾನಗಳು ವೃದ್ಧ ಕಲಾವಿದರಿಗೆ ಸಲ್ಲತಕ್ಕವೇ ಸರಿ. ಅದಕ್ಕಿಂತಲೂ ಅಗತ್ಯವಾದುದು, ಪ್ರತಿ ಮಾಸ್ತರನ ಬಳಿಯಲ್ಲಿ ನಾಲ್ಕಾರು ಹುಡುಗರು ಕೂತು ಕಲಿಯುವಂತೆ ಊರವರೇ ತಾಲೀಮಿಗೆ ಎಡೆಮಾಡಿ, ಗುರುವಿನ ಜೀವನಕ್ಕೂ ಶಿಷ್ಯರ ಅನ್ನಕ್ಕೂ ಆಸರೆಯಾಗುವುದು.