ವಿಜ್ಞಾನಿಯ ನುಡಿ ಮತ್ತು ಜನಮನ: ಗ್ರಹಣವು ಕಲಿಸಿದ ಪಾಠ

ವಿದ್ಯೆಯು ಕೊಟ್ಟಷ್ಟೂ ವೃದ್ಧಿಯಾಗುತ್ತದೆ ಎಂಬುದು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಾತು. ಆದರೆ ಅದನ್ನು ಕೊಡುವ ಬಗೆ ಹೇಗಿರಬೇಕೆಂಬ ಪ್ರಶ್ನೆಯು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ವಿಜ್ಞಾನಿಯು ತಾನು ಕಂಡುಕೊಂಡ ಸತ್ಯವನ್ನು ತನ್ನಂತಹ ಪಂಡಿತರಿಗೆ ತಿಳಿಸುವುದು ಒಂದು ಕಾರ್ಯ. ಅದನ್ನೇ ಹೊಲದಲ್ಲಿ ದುಡಿಯುವ ಒಕ್ಕಲಿಗನಿಗೂ ಮನೆವಾರ್ತೆ ನಡೆಸುವ ಗೃಹಿಣಿಗೂ ಮನಮುಟ್ಟುವಂತೆ ತಿಳಿಸುವುದು ಮತ್ತೊಂದು ಕಾರ್ಯ. ಎರಡನೆಯದು ಮೊದಲನೆಯದಕ್ಕಿಂತ ಸುಲಭವೆಂದು ಭಾವಿಸುವುದು ತಪ್ಪು.

ಈ ಕಾರ್ಯವು ಕನ್ನಡಕ್ಕೆ ಹೊಸದೇನೂ ಅಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷಗಳಷ್ಟೇ ನಡೆಯಿತಾದರೂ ಭೌತಶಾಸ್ತ್ರವನ್ನು ಬೋಧಿಸಿದವರೇ ಪಂಪಭಾರತವನ್ನೂ ಸಂಪಾದಿಸಿಕೊಟ್ಟರೆಂಬುದು ಮನನೀಯವಾದ ಸಂಗತಿ. ಜನರ ನುಡಿಯ ನಾಡಿಯನ್ನು ಬಲ್ಲವನೇ ಅವರಿಗೆ ಶಾಸ್ತ್ರವನ್ನು ಹೇಳಬಲ್ಲನು.

ಆದರೆ ಭಾಷೆಯೊಂದಿದ್ದರೆ ಸಾಲದು. ಹೇಳುವ ಕ್ರಮವೂ ಸರಿಯಾಗಿರಬೇಕು. ಇದಕ್ಕೆ ಸೂರ್ಯಗ್ರಹಣವೇ ಉತ್ತಮ ನಿದರ್ಶನ. 1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ನೆರಳು ಅಂಕೋಲೆಯ ಕಡಲತಡಿಯಿಂದ ಗದಗ, ರಾಯಚೂರು ಸೀಮೆಗಳ ಮೇಲೆ ಹಾದುಹೋಯಿತು. ಅದನ್ನು ಅಭ್ಯಸಿಸಲು ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ಅಂದು ಗದಗ ಸೀಮೆಯ ಹಳ್ಳಿಯೊಂದರಲ್ಲಿ ಬಾಲಕನಾಗಿದ್ದ ನಾನು ಏನನ್ನು ಕಂಡೆನೆಂದರೆ, ಏನನ್ನೂ ಕಾಣಲಿಲ್ಲ. ಕದ ಮುಚ್ಚಿತ್ತು, ಕಿಟಕಿಗೆ ಕಂಬಳಿ ಬಿಗಿದಿತ್ತು. ಹಾಡೇ ಹಗಲಿನಲ್ಲಿ ನಕ್ಷತ್ರಗಳು ಮೂಡುವ ಆ ಸುಮಾರು ಎರಡೂವರೆ ನಿಮಿಷಗಳನ್ನು ಕತ್ತಲೆಕೋಣೆಯಲ್ಲಿ ಕಳೆದೆನು. ಅಂತಹ ದೃಶ್ಯವು ನಮ್ಮ ಊರಿನ ಮೇಲೆ ಮರಳಿ ಬಂದಿಲ್ಲ.

ಹಿರಿಯರ ಭೀತಿಯೊಂದೇ ಇದಕ್ಕೆ ಕಾರಣವಾಗಿರಲಿಲ್ಲ. “ಗ್ರಹಣವನ್ನು ನೋಡಬೇಡಿರಿ, ಕಣ್ಣು ಹೋದೀತು” ಎಂದು ಬಲ್ಲವರೂ ಎಚ್ಚರಿಸಿದ್ದರು. ಆ ಎಚ್ಚರಿಕೆಯು ಸುಳ್ಳಲ್ಲ. ಬೂದುಗಾಜು ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದವನ್ನು ಸುಡುವಂತೆ, ಕಣ್ಣಿನ ಮಸೂರವು ಸೂರ್ಯನ ಬೆಳಕನ್ನು ಅಕ್ಷಿಪಟಲದ ಮೇಲೆ ಕೂಡಿಸುತ್ತದೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲವಾದುದರಿಂದ ಹಾನಿಯಾಗುತ್ತಿರುವುದು ನೋಡುವವನಿಗೆ ತಿಳಿಯುವುದೇ ಇಲ್ಲ. ಉಳಿದ ದಿನಗಳಲ್ಲಿ ಪ್ರಖರತೆಗೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಗ್ರಹಣಕಾಲದಲ್ಲಿ ಬೆಳಕು ಕುಂದಿರುವುದರಿಂದ ದಿಟ್ಟಿಸುವ ಪ್ರಲೋಭನೆಯುಂಟಾಗುತ್ತದೆ. ಅಪಾಯವಿರುವುದು ಇಷ್ಟರಲ್ಲಿಯೇ. ಗ್ರಹಣಕಾಲದ ಸೂರ್ಯನಲ್ಲಿ ಹೊಸ ವಿಷವೇನೂ ಇಲ್ಲ. ಆಹಾರ ಕೆಡುವುದಿಲ್ಲ, ಗರ್ಭಕ್ಕೆ ಹಾನಿಯಿಲ್ಲ. ತಕ್ಕ ಗ್ರಹಣ ಕನ್ನಡಕವಿದ್ದರೆ ಯಾರು ಬೇಕಾದರೂ ನೋಡಬಹುದು.

ಆದರೆ “ನೋಡಬೇಡಿ” ಎಂಬ ನಿಷೇಧವು ಜನರನ್ನು ಮುಟ್ಟಿದಷ್ಟು ಅದರ ಕಾರಣವು ಮುಟ್ಟಲಿಲ್ಲ. ಕಾರಣವನ್ನು ಬಿಟ್ಟು ಬಂದ ನಿಷೇಧವು ಹಳೆಯ ಭೀತಿಯೊಡನೆ ಬೆರೆತು ಅದಕ್ಕೆ ಊರುಗೋಲಾಯಿತು. “ಓದಿದವರೇ ಹೇಳುತ್ತಾರಲ್ಲ!” ಎಂದರು ನಮ್ಮ ಮನೆಯ ಹಿರಿಯರು. ವಿಜ್ಞಾನದ ಮಾತೇ ಅಜ್ಞಾನಕ್ಕೆ ಸಾಕ್ಷಿಯಾಗಿ ನಿಂತಿತು.

ಇದು ಬರಿಯ ನೋಟ ತಪ್ಪಿದ ವ್ಯಥೆಯಲ್ಲ. 2019ರ ಡಿಸೆಂಬರ್ 26ರ ಕಂಕಣಗ್ರಹಣದಂದು ಕೊಡಗು, ದಕ್ಷಿಣ ಕನ್ನಡಗಳಲ್ಲಿ ಅನೇಕರು ಕನ್ನಡಕ ಧರಿಸಿ ಸಂತೋಷದಿಂದ ಆಗಸವನ್ನು ನೋಡಿದರು. ಅದೇ ದಿನ ಕಲಬುರಗಿ ಜಿಲ್ಲೆಯಲ್ಲಿ ಕೆಲವು ತಂದೆತಾಯಿಗಳು ಅಂಗವೈಕಲ್ಯವು ಗುಣವಾಗಲೆಂಬ ಆಸೆಯಿಂದ ತಮ್ಮ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ್ದ ವಾರ್ತೆಯು ಪತ್ರಿಕೆಗಳಲ್ಲಿ ಬಂದಿತು. ಆ ಹೆತ್ತವರನ್ನು ಮೂಢರೆಂದು ಹಳಿಯುವುದು ಸುಲಭ. ಅವರು ಮಕ್ಕಳನ್ನು ಪ್ರೀತಿಸದವರಲ್ಲ. ಅವರ ದುಃಖವನ್ನು ಕೇಳಿ ತಿಳಿಯಹೇಳುವವರು ಅವರ ಬಾಗಿಲಿಗೆ ಹೋಗಿರಲಿಲ್ಲ.

ಆದುದರಿಂದ ಜನರೊಡನೆ ಮಾತನಾಡುವ ವಿಜ್ಞಾನಿಯು ಮೊದಲು ಅವರ ಸಂದೇಹವನ್ನು ಆಲಿಸಬೇಕು. ವಿಧಿನಿಷೇಧಗಳನ್ನು ಕಾರಣಸಹಿತವಾಗಿ ಹೇಳಬೇಕು. ಗ್ರಹಣದ ದಿನ ಮಾತ್ರ ಬಂದು ಹೋಗದೆ ನಿರಂತರವಾಗಿ ಅವರ ನಡುವೆ ಇರಬೇಕು. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಮ್ಮಿನ ವಾರದ ಉಪನ್ಯಾಸಗಳು ಇಂತಹ ನಿರಂತರತೆಗೆ ಮಾದರಿ.

ಹಳ್ಳಿಗಳಲ್ಲಿ ಈ ಹೊಣೆಯು ಶಾಲೆಯದು. 2031ರ ಮೇ 21ರಂದು ಕೇರಳ, ತಮಿಳುನಾಡುಗಳಲ್ಲಿ ಕಂಕಣಗ್ರಹಣವೂ ನಮ್ಮ ನಾಡಿನಲ್ಲಿ ಪಾರ್ಶ್ವಗ್ರಹಣವೂ ಸಂಭವಿಸಲಿವೆ. ಅದು ಬೇಸಗೆಯ ರಜೆಯ ಕಾಲವಾದುದರಿಂದ ಸಿದ್ಧತೆಯು ಮುಂಚೆಯೇ ನಡೆಯಬೇಕು. ಹೆಚ್ಚಿನ ವೆಚ್ಚವೂ ಬೇಡ. ರಟ್ಟಿನಲ್ಲಿ ಗುಂಡುಸೂಜಿಯಿಂದ ಒಂದು ರಂಧ್ರ ಮಾಡಿ, ಸೂರ್ಯನಿಗೆ ಬೆನ್ನಾಗಿ ನಿಂತು, ಅದರ ಮೂಲಕ ಬಿಳಿಯ ಕಾಗದದ ಮೇಲೆ ಬಿಸಿಲನ್ನು ಬೀಳಿಸಿದರೆ ಗ್ರಹಣಬಿಂಬವು ಮೂಡುತ್ತದೆ. ಬೇವಿನ ಮರದ ನೆರಳಿನಲ್ಲಿಯೂ ಎಲೆಗಳ ಸಂದುಗಳಿಂದ ನೂರಾರು ಪುಟ್ಟ ಚಂದ್ರಕಲೆಗಳಂತಹ ಬಿಂಬಗಳು ನೆಲದ ಮೇಲೆ ಹರಡುತ್ತವೆ. ಅಧ್ಯಾಪಕರು ಇದನ್ನು ಮಕ್ಕಳಿಗೆ ಕಲಿಸಲಿ. ದಾನಿಗಳು ಗ್ರಹಣ ಕನ್ನಡಕಗಳನ್ನು ಒದಗಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಹಿರಿಯರನ್ನೂ ಅಂಗಳಕ್ಕೆ ಕರೆತರಲಿ. ಅಂದು ಯಾವ ಮಗುವೂ ಮುಚ್ಚಿದ ಕದದ ಹಿಂದೆ ಕುಳಿತಿರದಿರಲಿ.