ಥಂಡಿ ಆರಿಸಿದ ಇಲಿ



ಎಳ್ಳ ಅಮಾವಾಸ್ಯೆಯ ದಿನಗಳಲ್ಲಿ, ಅಂದರೆ ನಮ್ಮ ಮರಾಠಿ ನೆರೆಯವರು ಯೆಳವಸ ಎನ್ನುವ ಹಬ್ಬದ ಸುಮಾರಿಗೆ, ಉಮರ್ಗಾ, ನಿಲಂಗಾ, ಉದಗೀರದ ಹೊಲಗಳಲ್ಲಿ ಬೆಳಗಿನ ಥಂಡಿ ಹೇಗಿರುತ್ತದೆಂಬುದು ನಿಮಗೆ ಗೊತ್ತೇ ಇದೆ. ನಾವು ಕಂಬಳಿ ಹೊದೆಯುತ್ತೇವೆ. ಜೋಳದ ಚೀಲಗಳ ಸಂದಿಯಲ್ಲಿರುವ ಇಲಿ ಏನು ಮಾಡಬೇಕು? ನಮ್ಮ ಥಂಡಿಯನ್ನಾದರೂ ಅದು ಹೇಗೋ ಕಳೆದೀತು. ಹೊರಗಿಟ್ಟ ನೀರು ಕಲ್ಲಾಗುವ ದೇಶಗಳಲ್ಲಿಯೂ ಇದೇ ಇಲಿ ಇದೆ.

ಸಣ್ಣ ಪ್ರಾಣಿಗೆ ಥಂಡಿ ದೊಡ್ಡ ವೈರಿ. ಹಂಡೆಯ ಬಿಸಿನೀರು ಬಹಳ ಹೊತ್ತು ಬೆಚ್ಚಗಿರುತ್ತದೆ, ತಂಬಿಗೆಯ ನೀರು ಬೇಗ ಆರುತ್ತದೆ. ಒಳಗಿನ ನೀರಿನ ಲೆಕ್ಕಕ್ಕೆ ಗಾಳಿ ತಾಗುವ ಮೈ ತಂಬಿಗೆಗೇ ಹೆಚ್ಚು. ಎಮ್ಮೆ ಹಂಡೆಯಾದರೆ ಇಲಿ ತಂಬಿಗೆ. ಹೀಗಾಗಿ ಇಲಿಗಳಲ್ಲಿಯೇ ಕೊಂಚ ದಪ್ಪನೆಯದು ಶಾಖವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ.

ಮನೆಯ ಸಣ್ಣ ಇಲಿಯ ಮೂಲ ಇರಾನಿನಿಂದ ಉತ್ತರ ಭಾರತದವರೆಗಿನ ಸೀಮೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಕಾಳಿನ ಬೆನ್ನುಹತ್ತಿ ಅದು ಯುರೋಪು ಸೇರಿತು, ಅಲ್ಲಿಯವರ ಹಡಗು ಹತ್ತಿ ಅಮೆರಿಕ ಮುಟ್ಟಿತು. ಅಲ್ಲಿಗೆ ಹೋಗಿ ನಾಲ್ಕೈದು ನೂರು ವರ್ಷಗಳಷ್ಟೇ ಆಗಿವೆ. ಆದರೆ ಇಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಆ ಮರಿ ಎರಡು ತಿಂಗಳೊಳಗೆ ತಾನೇ ತಾಯಿಯಾಗಬಲ್ಲದು. ಅದರ ಲೆಕ್ಕದಲ್ಲಿ ಇದು ನೂರಾರು ತಲೆಮಾರು.

ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಮೈಕೆಲ್ ನಾಕ್‌ಮನ್ ಹಾಗೂ ಸಂಗಡಿಗರು ಬೆಚ್ಚನೆಯ ಫ್ಲಾರಿಡಾದಿಂದ ಹಿಡಿದು ಥಂಡಿಯ ಉತ್ತರದ ರಾಜ್ಯಗಳವರೆಗೆ ಇಲಿ ಹಿಡಿದು ನೋಡಿದರು. ಉತ್ತರದವು ದಪ್ಪ. ಇಷ್ಟಕ್ಕೇ ಬಿಟ್ಟಿದ್ದರೆ, ತಿಂದು ಕೊಬ್ಬಿವೆ ಎಂದು ಯಾರಾದರೂ ಅನ್ನಬಹುದಿತ್ತು. ಅವರು ಎರಡೂ ಕಡೆಯ ಇಲಿಗಳ ಮರಿಗಳನ್ನು ಪ್ರಯೋಗಾಲಯದಲ್ಲಿ ಒಂದೇ ಬಗೆಯಾಗಿ ಸಾಕಿದರು. ಆಗಲೂ ಉತ್ತರದ ಮರಿಗಳು ದಪ್ಪಗೇ ಬೆಳೆದವು, ಗೂಡನ್ನೂ ದೊಡ್ಡದಾಗಿ ಕಟ್ಟಿದವು. ಅಂದಮೇಲೆ ಗುಣ ಇರುವುದು ವಂಶವಾಹಿಯಲ್ಲಿ. ಈ ಶೋಧ ಪ್ರಕಟವಾದದ್ದು 2018ರಲ್ಲಿ. ಒಂದಲ್ಲ, ಹಲವು ವಂಶವಾಹಿಗಳು ಇದರಲ್ಲಿ ಕೈಗೂಡಿಸಿವೆ.

ಹಾಗಾದರೆ ಥಂಡಿ ತಿಂದು ತಿಂದು ಇಲಿಯ ಮೈ ಬದಲಾಗಿ, ಅದೇ ಮರಿಗೆ ಬಂತೇ? ಇಲ್ಲ. ನಾವು ಎಷ್ಟೋ ತಲೆಮಾರಿನಿಂದ ಮಕ್ಕಳ ಕಿವಿ ಚುಚ್ಚಿಸುತ್ತ ಬಂದಿದ್ದೇವೆ. ತೂತಿನ ಕಿವಿಯ ಕೂಸು ಹುಟ್ಟಿಲ್ಲ. ಒಂದೇ ಸೂಲಿನ ಮರಿಗಳಲ್ಲಿಯೂ ಒಂದು ದಪ್ಪ, ಒಂದು ಸಣ್ಣ. ಥಂಡಿಗೆ ಸಣ್ಣದು ಸಾಯುತ್ತದೆ, ಉಳಿದದ್ದು ಈಯುತ್ತದೆ. ಉದಗೀರದ ಪಕ್ಕದ ದೇವಣಿಯ ಹೆಸರು ಹೊತ್ತ ದನದ ತಳಿಯನ್ನು ನಮ್ಮ ಹಿರಿಯರು ಬೆಳೆಸಿದ್ದೂ ಹೀಗೆಯೇ: ಒಳ್ಳೆಯ ಹೋರಿಯನ್ನು ಬೀಜಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಮಾರಿದರು. ಅಲ್ಲಿ ಆರಿಸಿದವನು ರೈತ, ಇಲ್ಲಿ ಚಳಿಗಾಲ. ರೈತನಿಗಾದರೆ ಒಂದಿಷ್ಟು ಕರುಣೆ ಇರುತ್ತದೆ.

ಬಾಲದ ಸಂಗತಿ ಮಾತ್ರ ಬೇರೆ. ನ್ಯೂಯಾರ್ಕಿನ ಇಲಿಯ ಬಾಲ ಬ್ರೆಜಿಲಿನ ಇಲಿಯದಕ್ಕಿಂತ ಗಿಡ್ಡ. ಉದ್ದ ಬಾಲದಿಂದ ಶಾಖ ಸೋರುತ್ತದಲ್ಲ! ಆದರೆ ಬ್ರೆಜಿಲಿನ ಮರಿಯನ್ನು ಥಂಡಿಯಲ್ಲಿ ಸಾಕಿದರೆ ಅದರ ಬಾಲವೂ ಗಿಡ್ಡವಾಗಿ ಬೆಳೆಯುತ್ತದೆಂದು 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ತೋರಿಸಿತು. ಬೆಳೆಯುವ ವಯಸ್ಸಿನಲ್ಲಿ ಮೈ ಅಷ್ಟು ಬಗ್ಗುತ್ತದೆ. ಮೈಯ ಗಾತ್ರ ಹಾಗೆ ಬಗ್ಗಲಿಲ್ಲ.

ಸಾಲ ಮಾಡಿ ಎಚ್.ಎಫ್. ಆಕಳು ತರುವವರು ಇದನ್ನು ನೆನಪಿಟ್ಟರೆ ಒಳ್ಳೆಯದು. ಅದು ಹಾಲೆಂಡಿನ ಕಡೆಯ ತಂಪು ನೆಲದ ತಳಿ. ನಮ್ಮ ವೈಶಾಖದ ಬಿಸಿಲಿಗೆ ಅದು ತೇಗುವುದು, ಹಾಲು ಇಳಿಸುವುದು ಸೋಮಾರಿತನದಿಂದಲ್ಲ. ಒಂದೆರಡು ಬೇಸಿಗೆ ಕಂಡರೆ ರೂಢಿಯಾದೀತೆಂದು ಕಾಯುವುದಕ್ಕಿಂತ, ನೆರಳಿಗೂ ನೀರಿಗೂ ಮೊದಲೇ ಹಣ ತೆಗೆದಿಟ್ಟುಕೊಳ್ಳಿ.